ಮಾದಮ್ಮನಿಗೆ ಕಟ್ಟಿದ ಜಟೆ

ಬೆರಳ ಗಿಣ್ಣುಗಳು ಊದಿಕೊಂಡು ಕತ್ತರಿ ಹಿಡಿಯುವುದು ಕಷ್ಟವಾದ ಮೇಲೆ ತಾಳವಾಡಿಯ ನನ್ನ ಅಂಗಡಿಯ ಬೀಗದ ಕೈಯನ್ನು ತಂಗಿಯ ಮಗಳು ಕವಿತಾಳಿಗೆ ಕೊಟ್ಟೆ. ಈಗ ಅವಳ ಹತ್ತಿರ ಕೆಲಸ ಕಲಿಯಲು ಕೆಲವು ಹುಡುಗಿಯರು ಬರುತ್ತಾರೆ. ಫೋನಿನಲ್ಲಿ ನೋಡಿ ನೋಡಿ ಅವರಿಗೆ ನನಗಿಂತ ಹೆಚ್ಚು ಬಗೆಯ ತಲೆಗೂದಲ ಅಲಂಕಾರ ಗೊತ್ತು. ಮೊನ್ನೆ ಕಾಲೇಜು ಹುಡುಗನೊಬ್ಬ ಬಂದು ಸಿಂಥೆಟಿಕ್ ಕೂದಲಿನ ಡ್ರೆಡ್‌ಲಾಕ್ ಹಾಕಿಕೊಡುತ್ತೀರಾ ಎಂದು ಕೇಳಿದನಂತೆ. ಹುಡುಗಿಯರು ಮುಖ ಮುಖ ನೋಡಿಕೊಂಡು ನನ್ನನ್ನು ಕರೆಸಿದರು.

"ದೊಡ್ಡವ್ವ, ಇದು ನಿಂಗ ಬತ್ತದಾ?" ಎಂದು ಕವಿತಾ ಫೋನಿನಲ್ಲಿ ಚಿತ್ರ ತೋರಿಸಿದಳು.

ಬರುತ್ತದೆ ಎಂದೆ. ಎಲ್ಲಿ ಕಲಿತೆ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅದಕ್ಕಿಲ್ಲ. ಆದ್ದರಿಂದ ಬರೆದುಕೊಡುತ್ತಿದ್ದೇನೆ. ಓದಿಕೊಳ್ಳಿ.

ಮೊದಲು ಒಂದು ಮಾತು. ನಮ್ಮ ಕಡೆ ಬಾಚಿ ಹೆಣೆದದ್ದನ್ನೂ ಜಡೆ ಅನ್ನುತ್ತಾರೆ, ತಾನಾಗಿ ಸಿಕ್ಕುಗಟ್ಟಿ ಹಗ್ಗದ ಹಾಗೆ ಇಳಿದದ್ದನ್ನೂ ಜಡೆ ಅನ್ನುತ್ತಾರೆ. ಗೊಂದಲವಾಗದಿರಲಿ ಎಂದು ಎರಡನೆಯದನ್ನು ನಾನು ಜಟೆ ಎಂದು ಬರೆಯುತ್ತೇನೆ. ನಿಮ್ಮ ಡ್ರೆಡ್‌ಲಾಕ್ ಅದೇ.

ಈ ಕಸುಬು ನನಗೆ ಸೋದರತ್ತೆಯಿಂದ ಬಂತು. ಅವರು ಚೌರಿ ಕಟ್ಟುತ್ತಿದ್ದರು. ಕೂದಲು ತೆಳ್ಳಗಿರುವ ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಕೂದಲ ಗೊಂಚಲೇ ಚೌರಿ. ಆಗ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಿದ್ದರು. ಅತ್ತೆ ಅದನ್ನು ತಂದು ಅಂಟುವಾಳದ ಕಾಯಿಯ ನೊರೆಯಲ್ಲಿ ತೊಳೆದು, ಎಳೆ ಎಳೆ ಬಿಡಿಸಿ, ಬುಡಕ್ಕೆ ಕಪ್ಪು ದಾರ ಸುತ್ತುತ್ತಿದ್ದರು. ಒಬ್ಬಳ ಕೂದಲನ್ನು ಇನ್ನೊಬ್ಬಳ ಚೌರಿಗೆ ಎಂದೂ ಬೆರೆಸಲಿಲ್ಲ. ಯಾಕೆ ಎಂದು ಕೇಳಿದರೆ, "ಅವರವರ ಕೂದ್ಲು ಅವರವರ ತಲಗೇ ಗೊತ್ತಾಯ್ತದ ಕಣ" ಎನ್ನುತ್ತಿದ್ದರು. ನಾನೂ ಆ ಕೆಲಸಕ್ಕೆ ಕೈ ಹಾಕಿದಾಗ, ಹೊಲ ಇದ್ದ ಮನೆಯ ಹುಡುಗಿ ಬೇರೆಯವರ ತಲೆ ಮುಟ್ಟುವ ಕೆಲಸಕ್ಕೆ ಕೂರುತ್ತಾಳೆ ಎಂದು ನೆಂಟರು ಮುನಿಸಿಕೊಂಡರು. ಅಪ್ಪ ಒಂದು ದಿನವೂ ಬೇಡ ಅನ್ನಲಿಲ್ಲ. ಅಷ್ಟು ಸಾಕಾಯಿತು.

ಆಮೇಲೆ ಸತ್ಯಮಂಗಲಕ್ಕೆ ಹೋಗಿ ವಸಂತಾ ಟೀಚರ್ ಹತ್ತಿರ ಪಾರ್ಲರ್ ಕೆಲಸ ಕಲಿತೆ. ನಾವೆಲ್ಲ ಅವರಿಗೆ ಹೆದರಿ ನಡುಗುತ್ತಿದ್ದೆವು. ಗಿರಾಕಿ ಕುರ್ಚಿಯಲ್ಲಿ ಕೂತ ತಕ್ಷಣ ನಾನು ಬಾಚಣಿಗೆ ಹಾಕಿದರೆ ಕೈ ಮೇಲೆ ಫಟ್ ಎಂದು ಹೊಡೆಯುವರು. "ತೊಡ್ರದ್ಕು ಮುನ್ನಾಡಿ ಕೇಳು" ಎಂದು ತಮಿಳಿನಲ್ಲಿ ಗದರುವರು. ಮುಟ್ಟುವ ಮೊದಲು ಕೇಳು. ಬಣ್ಣ ಹಚ್ಚುವುದು, ಹುಬ್ಬು ತೀಡುವುದು ಎಲ್ಲವನ್ನೂ ಅವರಿಂದಲೇ ಕಲಿತೆ. ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಆ ಗದರಿಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಯಮತ್ತೂರಿನಿಂದ ಸಿಂಥೆಟಿಕ್ ಕೂದಲಿನ ಪ್ಯಾಕೆಟ್ಟುಗಳು ಬರತೊಡಗಿದವು. ಗೋಡೆಸಂದಿಯ ಕೂದಲು ಹುಡುಕುವ ಕಾಲ ಮುಗಿಯಿತು. ಎಷ್ಟು ಉದ್ದ ಬೇಕೋ ಅಷ್ಟು, ಕಪ್ಪೋ ಕಂದೋ ಬೇಕಾದ ಬಣ್ಣ. ನನಗೂ ಅದೊಂದು ಹುಚ್ಚು ಹಿಡಿಯಿತು. ಆ ಹುಚ್ಚಿನಲ್ಲೇ ಪಣಕಹಳ್ಳಿಯ ನಾಟಕದವರಿಗೆ ಶಿವನ ಜಟೆ ಮಾಡಿಕೊಟ್ಟೆ. ಅಲ್ಲಿಯವರೆಗೆ ಅವರು ತೆಂಗಿನ ನಾರಿಗೆ ಬಣ್ಣ ಹಾಕಿ ಕಟ್ಟಿಕೊಳ್ಳುತ್ತಿದ್ದರು. ನಾರು ಕೆರೆಯುತ್ತದೆ ಎಂದು ಶಿವನ ಪಾತ್ರದವರು ಮಾತು ಮಾತಿಗೂ ತಲೆ ಕೆರೆದುಕೊಳ್ಳುವರು. ನನ್ನ ಜಟೆ ರೇಷ್ಮೆಯ ಹಾಗಿತ್ತು. ನಾಟಕ ಶುರುವಾಗುವ ಮೊದಲು ಮಂಗಳಾರತಿ ತಂದರು. ಶಿವ ಭಕ್ತಿಯಿಂದ ಬಗ್ಗಿ ಆರತಿ ತೆಗೆದುಕೊಂಡ. ಮುಂದಿನ ಎರಡು ಜಟೆ ಕರ್ಪೂರದ ಉರಿಗೆ ತಾಗಿ ಸರ್ರನೆ ಮುದುಡಿ, ಒಂದಕ್ಕೊಂದು ಅಂಟಿ, ಬೆಲ್ಲದ ಪಾಕದ ಉಂಡೆಯಂತಾದವು. ಪ್ಲಾಸ್ಟಿಕ್ ಸುಟ್ಟ ವಾಸನೆ ಕೊನೆಯ ಸಾಲಿನವರೆಗೂ ಹೋಯಿತು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿ ಶಿವ ಮೆಲ್ಲಗೆ ಕೇಳಿದ, "ರಾಜಕ್ಕ, ಉರೀತಾ ಇರೋದು ನನ್ ತಲನಾ?"

ಪುಣ್ಯಕ್ಕೆ ತಲೆಗೆ ಏನೂ ಆಗಲಿಲ್ಲ. ಜನ ನಕ್ಕರು, ಆಮೇಲೆ ಅವನೂ ನಕ್ಕ. ಸಿಂಥೆಟಿಕ್ ಕೂದಲು ಕಟ್ಟಿಸಿಕೊಂಡವರಿಗೆಲ್ಲ ಒಲೆ, ದೀಪ, ಆರತಿಯ ಮಾತನ್ನು ಮೊದಲು ಹೇಳಿ. ಆಮೇಲೆ ಬೇರೆ ಮಾತು.

ತಲೆಯ ಸ್ವಂತ ಕೂದಲಿಗೆ ಜಟೆ ಸೇರಿಸುವುದನ್ನು ಕಲಿತದ್ದು ದಿಂಬಂನಲ್ಲಿ. ಒಂದು ಸಲ ಸತ್ಯಮಂಗಲದಿಂದ ಬರುವಾಗ ಬಸ್ಸು ಘಾಟಿ ಹತ್ತಿ ಬಿಸಿಯಾಗಿ ನಿಂತಿತು. ಟೀ ಅಂಗಡಿಯ ಬೆಂಚಿನ ಮೇಲೆ ಬೈಕಿನಲ್ಲಿ ಬಂದ ಪರದೇಶದ ಹೆಂಗಸೊಬ್ಬಳು ಕೂತಿದ್ದಳು. ತಲೆ ತುಂಬ ಜಟೆ. ಅರ್ಧ ಅವಳದು, ಅರ್ಧ ಸೇರಿಸಿದ್ದು ಎಂದು ಬಣ್ಣದಲ್ಲೇ ತಿಳಿಯುತ್ತಿತ್ತು. ನಾನು ಟೀ ಆರುವವರೆಗೂ ದಿಟ್ಟಿಸುತ್ತಿದ್ದುದನ್ನು ಕಂಡು ಅವಳು ನಕ್ಕು, ತಲೆ ಬಗ್ಗಿಸಿ ತೋರಿಸಿದಳು. ಚೀಲದಿಂದ ಕ್ರೋಷಾ ಕಡ್ಡಿ ತೆಗೆದಳು, ನಾವು ಲೇಸು ಹೆಣೆಯುವ ಅದೇ ಕಡ್ಡಿ. ಬುಡದ ಕೂದಲನ್ನು ಚಿಕ್ಕ ಚೌಕವಾಗಿ ಬಿಡಿಸಿ, ಸೇರಿಸುವ ಎಳೆಯನ್ನು ಅದಕ್ಕೆ ಸುತ್ತಿ, ಕಡ್ಡಿಯಿಂದ ಒಳಗೆ ಹೊರಗೆ ಎಳೆದೆಳೆದು ಎರಡನ್ನೂ ಒಂದು ಮಾಡಿದಳು. ಆಮೇಲೆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. ನನಗೆ ಅವಳ ಭಾಷೆ ಬರದು, ಅವಳಿಗೆ ನನ್ನದು ಬರದು. ಬಸ್ಸಿನವರು ಹಾರನ್ ಹೊಡೆಯುವಷ್ಟರಲ್ಲಿ ಅವಳ ತಲೆಗೆ ನಾನೇ ಒಂದು ಜಟೆ ಸೇರಿಸಿದ್ದೆ. ನಮ್ಮ ಬೆಟ್ಟದಲ್ಲಿ ಇದನ್ನು ಯಾರು ಕಟ್ಟಿಸಿಕೊಳ್ಳುತ್ತಾರೆ ಎಂದು ಬಸ್ಸಿನಲ್ಲಿ ಕೂತು ನಾನೇ ನಕ್ಕೆ.

ಇನ್ನು ಮಾದಮ್ಮನ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟು ಮದುಮಕ್ಕಳನ್ನು ಸಿಂಗರಿಸಿದೆನೋ, ಅವರ ಮುಖಗಳು ಒಂದರೊಳಗೊಂದು ಸೇರಿಹೋಗಿವೆ. ಮಾದಮ್ಮನ ತಲೆ ಮಾತ್ರ ಈಗಲೂ ನನ್ನ ಬೆರಳಿಗೆ ನೆನಪಿದೆ.

ಅವಳು ತಾಳಮಲೆ ಕಡೆಯವಳು. ಕೂಲಿಗೆ ಹೋಗುವ ಮನೆ. ಗಂಡ ಬೆಳ್ಳಪ್ಪ ಲಾರಿಗೆ ಕೋಸಿನ ಮೂಟೆ ತುಂಬುವ ಕೆಲಸ ಮಾಡುತ್ತಿದ್ದ. ಮಾದಮ್ಮನಿಗೆ ಮೀನಖಂಡ ಮುಟ್ಟುವ ಜಟೆಯಿತ್ತು. ಜನ ಅವಳನ್ನು ಜಡೆಯವ್ವ ಎಂದು ಕರೆದು, ಮಕ್ಕಳಿಗೆ ಜ್ವರ ಬಂದರೆ ಕರೆತಂದು ಅವಳ ಕೈಯಿಂದ ವಿಭೂತಿ ಹಚ್ಚಿಸುತ್ತಿದ್ದರು. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಅವಳು ಜಟೆಯನ್ನು ಮಗುವಿನ ಹಾಗೆ ತೋಳಿನ ಮೇಲೆ ಹೊತ್ತಿದ್ದಳು.

"ಸತ್ಯಮಂಗಲದ ಡಾಕ್ಟ್ರು ಕತ್ತಿನ ಮೂಳ ಸವ್ದದ ಅಂದ್ರು. ಈ ಬಾರ ತಗುದ್ರೇನೇ ವಾಸಿ ಆಗದು ಅಂದ್ರು" ಎಂದ ಬೆಳ್ಳಪ್ಪ. "ಊರಲ್ಲಿ ಯಾರೂ ಮುಟ್ಟಾಕಿಲ್ಲ ಅಂತರ ಕಣಕ್ಕ. ದ್ಯಾವ್ರುದು ಅಂತ ಎದ್ರಿಕ."

ಹೆದರಿಕೆ ನನಗೂ ಇತ್ತು. ಜಟೆಯೆಂದರೆ ಮಲೆಯ ಮಾದಪ್ಪ ಕೊಟ್ಟದ್ದು ಎಂದು ನಮ್ಮ ಕಡೆ ನಂಬಿಕೆ, ನಮ್ಮ ಮನೆಯಲ್ಲೂ ಅವನ ಪೂಜೆ ನಡೆಯುತ್ತದೆ. ನಾನು ಅವಳನ್ನೇ ಕೇಳಿದೆ, "ನಿಂಗ ಒಪ್ಪಿಗೆಯಾ ಮಾದಮ್ಮ? ಅವರು ಯೋಳ್ತರ ಅಂತ ಅಲ್ಲ. ನಿಂಗ?"

"ಕತ್ತು ತಿರಗ್ಸಾಕಾಯ್ತಿಲ್ಲ. ಬಿಂದಗ ಒರಾಕಾಯ್ತಿಲ್ಲ. ಮಾದಪ್ಪನ್ನ ಕೇಳ್ದೆ, ಬಲಗಡ ಊವು ಕೊಟ್ಟ. ನೀನು ಕುಯ್ಯಿ" ಎಂದಳು.

ಕುರ್ಚಿ ತೋರಿಸಿದರೆ ಅವಳು ನೆಲದ ಮೇಲೆ ಕೂರಲು ಹೋದಳು. "ಕುರ್ಚಿ ಬ್ಯಾಡ ಕಣಕ್ಕ, ನಾನು ಇಲ್ಲೇ ಕೂತ್ಕತೀನಿ."

"ನೀನು ಮೇಲ ಕೂತ್ರ ನನ್ ಸೊಂಟಕ್ಕ ಒಳ್ಳೇದು" ಎಂದೆ. ಅವಳು ಕುರ್ಚಿಯ ಅಂಚಿಗೆ ಕೂತಳು. ಕನ್ನಡಿಯನ್ನು ಆ ಕಡೆ ತಿರುಗಿಸು ಎಂದಳು, ತಿರುಗಿಸಿದೆ.

ನನ್ನ ಕತ್ತರಿ ಅದಕ್ಕೆ ಏನೂ ಸಾಲದು. ಪಕ್ಕದ ಟೈಲರ್ ಅಂಗಡಿಯಿಂದ ದೊಡ್ಡ ಕತ್ತರಿ ತಂದು, ಬುಡದಲ್ಲಿ ಇನ್ನೂ ಸಿಕ್ಕುಗಟ್ಟದ ನಾಲ್ಕು ಬೆರಳು ಕೂದಲು ಉಳಿಸಿ ಒಂದೊಂದೇ ಜಟೆ ಕತ್ತರಿಸಿದೆ. ಬೆಳ್ಳಪ್ಪ ಎದುರಿಗೆ ಹೊಸ ಪಂಚೆ ಹಿಡಿದು ನಿಂತು ಒಂದನ್ನೂ ನೆಲಕ್ಕೆ ಬೀಳಗೊಡದೆ ಹಿಡಿದ. ಕೊನೆಯದು ಬಂದ ಮೇಲೆ ಮಾದಮ್ಮ ಕತ್ತನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. "ಬತ್ತದ" ಎಂದಳು. ಅಷ್ಟೇ. ಜಟೆಯ ಗಂಟನ್ನು ಮಾದಪ್ಪನ ಬೆಟ್ಟಕ್ಕೆ ಒಯ್ದು ಹರಿಯುವ ನೀರಿಗೆ ಬಿಟ್ಟು ಬಂದರೆಂದು ಆಮೇಲೆ ತಿಳಿಯಿತು.

ಕೆಲವು ವಾರ ಕಳೆದ ಮೇಲೆ ಇಬ್ಬರೂ ಮತ್ತೆ ಬಂದರು. ನೋವು ಕಡಿಮೆಯಾಗಿತ್ತು. ಆದರೆ ಮಾದಮ್ಮ ಸೊರಗಿದ್ದಳು. ತಲೆಗೆ ಸೆರಗು ಬಿಗಿಯಾಗಿ ಸುತ್ತಿದ್ದಳು.

"ಊಟ ಮಾಡಾಕಿಲ್ಲ, ನಿದ್ದ ಬರಾಕಿಲ್ಲ. ಯಾನಾದ್ರೂ ಮಾಡಕ್ಕ" ಎಂದು ಬೆಳ್ಳಪ್ಪ ಹೇಳಿ, ಹೆಂಗಸರು ಮಾತಾಡಿಕೊಳ್ಳಲಿ ಎಂದೋ ಏನೋ, ಟೀ ಕುಡಿಯುವ ನೆಪ ಮಾಡಿ ಹೊರಗೆ ಹೋದ.

"ನಂಗ ಒಂದು ಜಡ ಕಟ್ಟಿಕೊಡಕ್ಕ" ಎಂದಳು ಮಾದಮ್ಮ. "ನಾಟಕದವ್ರಿಗ ಕಟ್ಟಿದ್ಯಂತಲ್ಲ."

ನಾನು ತಡೆದು ಕೇಳಿದೆ, "ಜನ ಬರಾದು ನಿಂತೋಯ್ತು ಅಂತಲಾ?"

"ಜನ ಬರ್ಲಿ, ಬುಡ್ಲಿ. ಅದಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಹೇಳಿದಳು. "ನಂಗ ಒಂದು ಎಣ್ಮಗು ಇತ್ತು. ನಡಿಯಾಕ ಕಲ್ತಿತ್ತು. ನನ್ ಜಡ ಇಡ್ಕಂಡೇ ಒರಗದು. ಬುಡ್ಸಾಕ ಓದ್ರ ಅಳದು. ಜರ ಬಂದು ಓಯ್ತು. ಆವತ್ತಿಂದ ನಾನು ತಲ ಬಾಚ್ಲಿಲ್ಲ. ಬಾಚಾಕ ಮನಸೇ ಬರ್ಲಿಲ್ಲ. ಅಂಗೇ ಗಂಟಾಯ್ತು, ಜಡ ಆಯ್ತು. ಊರೋರು ಮಾದಪ್ಪ ಇಳ್ದವ್ನ ಅಂದ್ರು. ನಾನು ಸುಮ್ನಾದಿ. ಇವ್ರಿಗೂ ಯೋಳಿಲ್ಲ."

ನಾನು ಅವಳ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು ಕೂತೆ. ಅವಳು ಮುಂದುವರಿಸಿದಳು. "ಇಂದ್ಗಡ ಬಾರ ಇದ್ರ ಅದೇ ಇಡ್ಕಂಡದ ಅನ್ನಿಸದು. ಈಗ ನಡೀವಾಗ ಇಂದ ಯಾರೂ ಇಲ್ಲ."

ಕಟ್ಟಿಕೊಡುತ್ತೇನೆ ಎಂದೆ. ಮಾತು ಬಾಯಿಂದ ಬಂದ ಮೇಲೆ ಡಾಕ್ಟರು ಹೇಳಿದ್ದು ನೆನಪಾಯಿತು. ಬೆಳ್ಳಪ್ಪ ಒಳಗೆ ಬಂದಾಗ ಅವನೂ ಅದನ್ನೇ ಕೇಳಿದ. "ಕತ್ತು ನೋವು ತಿರ್ಗ ಬಂದ್ರ ಯಾನ ಮಾಡದು?"

ಅವಳು ಬೇಡುತ್ತಿದ್ದುದು ಭಾರ, ಕೊಡಬಾರದ್ದೂ ಭಾರ. ಹಾಗಾಗಿ ಆಯ್ಕೆಯನ್ನು ಅವಳ ಕೈಗೇ ಬಿಟ್ಟೆ. ಮೇಜಿನ ಮೇಲೆ ಎಲ್ಲವನ್ನೂ ಹರಡಿದೆ. ತೆಂಗಿನ ನಾರು, ಉಲ್ಲನ್, ನೈಲಾನ್ ದಾರ, ಸಿಂಥೆಟಿಕ್ ಕೂದಲಿನ ಕಪ್ಪು, ಕಂದು ಪ್ಯಾಕೆಟ್ಟು. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡು ಎಂದೆ. ನಾರು ಚುಚ್ಚುತ್ತದೆ ಎಂದು ತಳ್ಳಿದಳು. ಉಲ್ಲನ್ ಮೆತ್ತಗಿದೆ ಎಂದಳು, ಆದರೆ ಅದು ನೀರು ಕುಡಿದರೆ ಕಲ್ಲಿನ ಭಾರ, ನಮ್ಮ ಮಂಜಿಗೆ ಒಣಗುವುದೂ ಇಲ್ಲ ಎಂದು ನಾನೇ ಬೇಡವೆಂದೆ. ನೈಲಾನ್ ದಾರ ಜಾರುತ್ತಿತ್ತು. ಸಿಂಥೆಟಿಕ್ ಕೂದಲನ್ನು ಮಾತ್ರ ಅಂಗೈಯಲ್ಲಿ ಹಿಡಿದೇ ಇದ್ದಳು.

"ಇದು ಒಳೀತದ" ಎಂದಳು ಕಣ್ಣು ಬಿಟ್ಟು. "ನನ್ನದು ಒಳೀತಿರ್ಲಿಲ್ಲ."

ಹೊಳಪು ತೆಗೆಯುವುದು ಕಷ್ಟವಲ್ಲ. ಒಲೆಯ ಬೂದಿ ಸವರಿ ಉಜ್ಜಿ, ಅಂಟುವಾಳದಲ್ಲಿ ತೊಳೆದರೆ ಅಂಗಡಿಯ ಮಿಂಚು ಹೋಗುತ್ತದೆ. ಒಂದೇ ಕಪ್ಪು ಹಾಕಬೇಡಿ, ಸುಳ್ಳೆಂದು ದೂರದಿಂದಲೇ ಗೊತ್ತಾಗುತ್ತದೆ. ಅವಳ ಜಟೆಯ ತುದಿ ಬಿಸಿಲಿಗೆ ಕೆಂಚಾಗಿದ್ದದ್ದು ನನಗೆ ನೆನಪಿತ್ತು. ಕಪ್ಪಿಗೆ ಸ್ವಲ್ಪ ಕಂದು ಬೆರೆಸಿ, ತುದಿಗೆ ಬರುತ್ತ ಕಂದು ಹೆಚ್ಚಿಸಿದೆ. ಉದ್ದದ ವಿಷಯಕ್ಕೆ ಮಾತು ನಿಂತಿತು. ಅವಳು ಮೊದಲಿನಷ್ಟೇ ಬೇಕೆಂದಳು. ನಾನು ಒಂದು ಎಳೆಯನ್ನು ಅವಳ ಹಿಂದೆ ಹಿಡಿದು, ಹೆಗಲಿನಿಂದ ಒಂದು ಗೇಣು ಕೆಳಗೆ ಇಳಿಬಿಟ್ಟು, ನಡೆದು ನೋಡು ಎಂದೆ. ನಾನೂ ಅವಳ ಹಿಂದೆ ಎಳೆ ಹಿಡಿದು ನಡೆದೆ. ಅಂಗಡಿಯೊಳಗೆ ಹೀಗೆ ಇಬ್ಬರೂ ಹೋಗಿ ಬಂದೆವು. ಎಳೆಯ ತುದಿ ಅವಳ ಬೆನ್ನಿಗೆ ತಟ್ಟುತ್ತಿತ್ತು.

ಅವಳು ನಿಂತಳು. "ಗೊತ್ತಾಯ್ತದ" ಎಂದಳು. "ಇಷ್ಟು ಸಾಕು."

ಭಾರದ ಬದಲು ಸ್ಪರ್ಶ ಸಾಕಾಯಿತು. ಇದನ್ನು ನನಗೆ ಯಾವ ಟೀಚರೂ ಹೇಳಿರಲಿಲ್ಲ, ಅವಳ ಬೆನ್ನ ಹಿಂದೆ ನಡೆದಾಗಲೇ ತಿಳಿದದ್ದು.

ನೆತ್ತಿಯನ್ನು ಖಾಲಿ ಬಿಟ್ಟು, ಹಿಂತಲೆಯಲ್ಲಿ ಮಾತ್ರ ಹತ್ತು ಹನ್ನೆರಡು ಜಟೆ ಕ್ರೋಷಾ ಕಡ್ಡಿಯಿಂದ ಸೇರಿಸಿದೆ. ದಿನವಿಡೀ ಹಿಡಿಯಿತು. ಒಂದೊಂದಕ್ಕೂ ಎಳೆಯುತ್ತದಾ ಎಂದು ಕೇಳಿದೆ. ಬಿಗಿ ಮಾಡಿದರೆ ಅಚ್ಚುಕಟ್ಟಾಗಿ ಕಾಣುತ್ತದೆ ಎಂದು ನೀವು ಬಿಗಿ ಮಾಡಬೇಡಿ. ಬುಡದ ಚರ್ಮ ಬೆಳ್ಳಗಾಗಿ ಉಬ್ಬಿದರೆ ಬಿಚ್ಚಿ ಮತ್ತೆ ಹಾಕಿ, ಇಲ್ಲದಿದ್ದರೆ ಕೂದಲು ಬೇರಿನಿಂದಲೇ ಹೋಗುತ್ತದೆ. ಮನೆಗೆ ಕಳಿಸುವಾಗ ಬೆಳ್ಳಪ್ಪನಿಗೂ ಹೇಳಿ ಕಳಿಸಿದೆ. ಒಲೆ ಊದುವಾಗ ಹಿಂದಕ್ಕೆ ಕಟ್ಟಬೇಕು, ಮಲಗುವಾಗ ಹತ್ತಿಬಟ್ಟೆ ಸುತ್ತಬೇಕು, ತೊಳೆದ ಮೇಲೆ ಬಟ್ಟೆಯಲ್ಲಿ ಹಿಂಡಿ ಬಿಸಿಲಿಗೆ ಬೆನ್ನು ಕೊಟ್ಟು ಕೂರಬೇಕು. ಬುಡ ಒದ್ದೆ ಉಳಿದರೆ ಮುಗ್ಗಲು ವಾಸನೆ ಬಂದು ಹುಣ್ಣಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ತಲೆಗೆ ಬಿಡುವು ಕೊಡಬೇಕು. ಅವನು ಪಾಠ ಒಪ್ಪಿಸುವವನ ಹಾಗೆ ಎಲ್ಲವನ್ನೂ ನನಗೆ ತಿರುಗಿ ಹೇಳಿದ.

ಮೊದಲ ಸಲ ಬಿಚ್ಚಲು ಬಂದಾಗ ಅವಳ ಮುಖ ತುಂಬಿಕೊಂಡಿತ್ತು. ಅಂಗಡಿಯಲ್ಲಿ ಹುಬ್ಬು ತೀಡಿಸಲು ಬಂದ ಒಬ್ಬ ಹೆಂಗಸು ಜಟೆಯನ್ನು ನೋಡಿ ಕೇಳಿಯೇಬಿಟ್ಟಳು. "ಇದ್ಯಾನವ್ವ, ಪ್ಲಾಸ್ಟಿಕ್ಕಾ? ಮಾದಪ್ಪ ಕೊಟ್ಟದ್ದು ಓಯ್ತಾ?"

ಮಾದಮ್ಮ ಸಲೀಸಾಗಿ ಹೇಳಿದಳು, "ಓಯ್ತು ಕಣವ್ವ. ಇದು ರಾಜಕ್ಕ ಕೊಟ್ಟದ್ದು. ಮುಟ್ಟಿ ನೋಡು, ಚಂದಾಗದ."

ಆ ಹೆಂಗಸು ಮುಟ್ಟಿಯೂ ನೋಡಿದಳು. ಊರಿನಲ್ಲೂ ಮಾದಮ್ಮ ಹೀಗೆಯೇ ಹೇಳಿಕೊಂಡಿದ್ದಳಂತೆ. ಕೆಲವರು ಬರುವುದು ಬಿಟ್ಟರು. ಕೆಲವರು ಜ್ವರದ ಮಕ್ಕಳನ್ನು ಎತ್ತಿಕೊಂಡು ಮೊದಲಿನಂತೆಯೇ ಬಂದರು. ಅವಳು ವಿಭೂತಿ ಹಚ್ಚಿ, "ಆಸ್ಪತ್ರಗೂ ಓಗ್ಬನ್ನಿ" ಎಂದು ಕಳಿಸುತ್ತಿದ್ದಳು.

ಮತ್ತೆ ಸೇರಿಸಲು ಕೂತಾಗ ನಾನು ಎಲ್ಲ ಎಳೆಗಳನ್ನೂ ತೊಳೆದು ಸಾಲಾಗಿ ಇಟ್ಟಿದ್ದೆ. ಅವಳು ಒಂದನ್ನು ತೆಗೆದು ಪಕ್ಕಕ್ಕಿಟ್ಟಳು.

"ಈ ಸಲ ಒಂದು ಕಮ್ಮಿ ಆಕು" ಎಂದಳು.

ನಾನು ಅದನ್ನು ಕಾಗದದಲ್ಲಿ ಸುತ್ತಿ ತೆಗೆದಿಟ್ಟೆ. ಮುಂದಿನ ಸಲ ಇನ್ನೆರಡು ಕಡಿಮೆಯಾದವು. ನಡುವೆ ಒಮ್ಮೆ ಮಳೆಗಾಲದಲ್ಲಿ ಮನಸ್ಸು ಕುಗ್ಗಿ ಬಂದು, ತೆಗೆದಿಟ್ಟ ಒಂದನ್ನು ಮತ್ತೆ ಹಾಕಿಸಿಕೊಂಡಳು. ಹೀಗೆ ಅವಳದೇ ಕೂದಲು ಇಳಿಯುತ್ತ ಬಂತು, ನಾನು ಕಟ್ಟಿದ್ದು ಕಡಿಮೆಯಾಗುತ್ತ ಬಂತು. ಕೆಲಸ ಕಲಿಯುವವರಿಗೆ ಗಿರಾಕಿ ಹೆಚ್ಚು ಹೆಚ್ಚು ಕೇಳಿದರೆ ಸಂತೋಷ. ಮಾದಮ್ಮ ಕಡಿಮೆ ಕಡಿಮೆ ಕೇಳಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ.

ಒಂದು ದಿನ ಕೊನೆಯ ಎರಡು ಜಟೆಗಳನ್ನು ಬಿಚ್ಚಿಸಿಕೊಂಡು, ತಲೆ ತೊಳೆಸಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಅವಳ ಕೂದಲು ಹೆಗಲು ದಾಟಿತ್ತು. ಅಲ್ಲಲ್ಲಿ ನರೆತಿತ್ತು. ನಾನು ಎಳೆಗಳನ್ನು ಕೈಗೆತ್ತಿಕೊಂಡೆ.

"ಇವತ್ತು ಆಕ್ಬ್ಯಾಡ" ಎಂದಳು. "ನಾನು ಇವ್ರಿಗ ಯೋಳ್ದಿ. ಮಗೀದು ಎಲ್ಲಾನೂ ಯೋಳ್ದಿ."

ಬೆಳ್ಳಪ್ಪ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ನಂಗ ಗೊತ್ತಿತ್ತು ಕಣಕ್ಕ" ಎಂದ ನನಗೆ. "ಮಗು ಓದ ದಿನದಿಂದ ಅವ್ಳು ಬಾಚ್ಲಿಲ್ಲ ಅಂತ ನಾನು ಕಂಡಿದ್ದಿ. ಅವ್ಳಾಗೇ ಯೋಳ್ಲಿ ಅಂತ ನಾನು ಸುಮ್ನಿದ್ದಿ."

ಮಾದಮ್ಮ ಅವನ ಕಡೆ ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು. "ಬಾಚಕ್ಕ."

ತುದಿಯಿಂದ ಶುರುಮಾಡಿದೆ. ಒಂದು ಬೆರಳಷ್ಟು, ಆಮೇಲೆ ಸ್ವಲ್ಪ ಮೇಲೆ, ಆಮೇಲೆ ಇನ್ನೂ ಸ್ವಲ್ಪ ಮೇಲೆ. ಸಿಕ್ಕು ಸಿಕ್ಕಲ್ಲಿ ಎಣ್ಣೆ ಹಚ್ಚಿ ಬೆರಳಿಂದ ಬಿಡಿಸಿದೆ. ಅವಳು ಕಣ್ಣು ಮುಚ್ಚಿದ್ದಳು. ರೆಪ್ಪೆಯಡಿಯಿಂದ ನೀರು ಇಳಿದು ಗಲ್ಲಕ್ಕೆ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ನೆತ್ತಿಯಿಂದ ತುದಿಯವರೆಗೆ ಬಾಚಣಿಗೆ ಎಲ್ಲಿಯೂ ನಿಲ್ಲದೆ ಇಳಿಯಿತು. ಎರಡನೆಯ ಸಲ ಎಳೆದಾಗ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹೆಣೆಯಲಾ ಎಂದು ಕೇಳಿದೆ. ಬೇಡ, ಗಂಟು ಹಾಕು ಎಂದಳು.

"ಮನೇಲಿ ದಿನಾ ಇಂಗೇ ತುದಿಯಿಂದ ಬಾಚ್ಬೇಕು" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮನೇಲಿ ಬಾಚಣ್ಗ ಇಲ್ಲ" ಎಂದಳು ಮಾದಮ್ಮ. "ನಾನು ಬಾಚದು ಬುಟ್ಟ ಮ್ಯಾಲ ಇವ್ರೂ ಮನೇಲಿ ಇಟ್ಕಳ್ಳಿಲ್ಲ."

ಅಷ್ಟು ವರ್ಷ ಅವನು ತನ್ನ ತಲೆಯನ್ನು ಬೆರಳಲ್ಲೇ ಒತ್ತಿಕೊಂಡು ಕೆಲಸಕ್ಕೆ ಹೋಗಿದ್ದ. ನನ್ನಲ್ಲಿದ್ದ ಹೊಸ ಬಾಚಣಿಗೆಯೊಂದನ್ನು ಕೊಡಲು ಹೋದೆ. ಬೆಳ್ಳಪ್ಪ ತಡಿ ಎಂದು ಕೈ ಮಾಡಿ, ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಹಸಿರು ಬಣ್ಣದ, ಅಗಲ ಹಲ್ಲಿನ ಬಾಚಣಿಗೆ ತಂದ. ನನಗೆ ತೋರಿಸಿ, "ಇದು ಆಯ್ತದಾ?" ಎಂದ.

ಆಗುತ್ತದೆ ಎಂದೆ.

ಮಾದಮ್ಮ ಅದನ್ನು ತೆಗೆದುಕೊಂಡು ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಆಮೇಲೆ ಅವನಿಗೆ, "ಬಗ್ಗಿ" ಎಂದಳು. ಅವನು ನಾಚಿಕೊಂಡು ನನ್ನ ಕಡೆ ನೋಡಿ, ತಲೆ ಬಗ್ಗಿಸಿದ. ಮೂಟೆ ಹೊತ್ತು ಹೊತ್ತು ನಡುನೆತ್ತಿ ತೆಳ್ಳಗಾಗಿದ್ದ, ಕೋಸಿನ ಎಲೆಯ ಚೂರು ಸಿಕ್ಕಿಕೊಂಡಿದ್ದ ಆ ತಲೆಯನ್ನು ಅವಳು ನನ್ನ ಅಂಗಡಿಯ ನಡುವೆ ನಿಂತು, ಆತುರವಿಲ್ಲದೆ, ತುದಿಯಿಂದ ಬಾಚತೊಡಗಿದಳು.